ಸಾಹುಕಾರರ ಉರ್ದು

ನಮ್ಮ ಸಾಹುಕಾರರಿಗೆ ಐದು ಭಾಷೆ ಬರುತ್ತಿದ್ದವು. ಕನ್ನಡವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಅವರೊಬ್ಬರಿಗೇ ಅರ್ಥವಾಗುತ್ತಿದ್ದವು. ದಾವಣಗೆರೆಯ ಮಂಡಿಪೇಟೆಯಲ್ಲಿ ಅವರದು ದಲಾಲಿ ಅಂಗಡಿ. ಗುಂಟೂರಿನ ವ್ಯಾಪಾರಿ ಬಂದರೆ ತೆಲುಗು, ಸಾಂಗ್ಲಿಯವರು ಬಂದರೆ ಮರಾಠಿ, ಮಾರವಾಡಿಗಳ ಜೊತೆ ಹಿಂದಿ, ಹಮಾಲರ ಜೊತೆ ಉರ್ದು. ಒಂದೊಂದಕ್ಕೂ ಒಂದು ಹಿಡಿ ಪದಗಳ ಬಂಡವಾಳ. ಉಳಿದದ್ದನ್ನು ಕೈ, ಹುಬ್ಬು ಮತ್ತು ಧಾರಾಳವಾದ ನಗು ತುಂಬಿಕೊಡುತ್ತಿದ್ದವು. ಎದುರಿನವರು ಏನು ಹೇಳಿದರೂ ‘ಹಾಂ ಹಾಂ, ಸಮಜ್ ಗಯಾ’ ಎನ್ನುವುದು ರೂಢಿ. ತಿಳಿಯಲಿಲ್ಲ ಎಂದು ಒಪ್ಪಿಕೊಂಡ ದಲಾಲನ ಅಂಗಡಿಗೆ ಮಾಲು ಬರುವುದಿಲ್ಲ ಎಂಬುದು ಅವರು ಕಲಿತ ಮೊದಲ ಪಾಠವಂತೆ.

ಅವರು ತೀರಿಕೊಂಡರು, ಮೊನ್ನೆ ಅವರ ಶಿವಗಣಾರಾಧನೆ. ಹರಿಹರದಿಂದ ಬೆಳಗಿನ ಬಸ್ಸಿಗೆ ಹೋಗಿ ಉಂಡು ಬಂದೆ. ಬಂದ ಮೇಲೂ ಅಲ್ಲಿ ಕೇಳಿದ ಒಂದು ಮಾತು ಎದೆಯಿಂದ ಇಳಿಯದೆ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಮಂಡಿಪೇಟೆಯವರಿಗೆ ಹಾಕದಿದ್ದರೂ ತಿಳಿಯುತ್ತದೆ, ಉಳಿದವರಿಗೆ ಹಾಕಿಯೂ ಪ್ರಯೋಜನವಿಲ್ಲ.

ನಮ್ಮ ತಂದೆ ಕೊಕ್ಕನೂರಿನವರು. ಸುಗ್ಗಿಯಲ್ಲಿ ಊರಿನ ಶೇಂಗಾ, ಜೋಳದ ಚೀಲಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಸಾಹುಕಾರರ ಅಂಗಡಿಗೆ ಇಳಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಅಮ್ಮ ನನ್ನನ್ನು ಕರೆದುಕೊಂಡು ಹರಿಹರದ ತನ್ನ ಅಣ್ಣನ ಮನೆ ಸೇರಿದಳು. ಮುಂದೆ ಕಾಲೇಜಿಗೆಂದು ದಾವಣಗೆರೆಗೆ ಬಂದಾಗ ಇರಲು ಜಾಗವಿರಲಿಲ್ಲ. ಕೇಳಲೋ ಬೇಡವೋ ಎಂದು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಸಾಹುಕಾರರೇ ಕರೆದರು.

“ನಿಮ್ಮಪ್ಪನ ಎತ್ತುಗಳನ್ನ ನಮ್ಮ ಅಂಗಳದಾಗೆ ಎಷ್ಟು ವರ್ಷ ಕಟ್ಟೀವಿ. ಈಗ ಅವನ ಮಗನಿಗೆ ಜಾಗ ಇಲ್ಲ ಅಂದ್ರೆ ಆ ಎತ್ತು ನಗ್ತಾವೆ. ಹಾಸಿಗಿ ತಗೊಂಡು ಬಾ.”

ಅಂಗಡಿಯ ಹಿಂದೆಯೇ ಮನೆ. ನಡುವೆ ಚೀಲಗಳನ್ನಿಡುವ ಒಂದು ಕೋಣೆ. ಅದರ ಮೂಲೆಯಲ್ಲಿ ನಾನು ಹಾಸಿಗೆ ಹಾಸಿದೆ. ಅದು ಲಿಂಗವಂತರ ಮನೆ. ನಾನು ಸಾಬರ ಹುಡುಗ. ನನ್ನ ತಟ್ಟೆ ಲೋಟಕ್ಕೆ ಬೇರೆ ಗೂಡು ಇತ್ತು, ಕೊನೆಯವರೆಗೂ ಅವು ಅಲ್ಲೇ ಇದ್ದವು. ಆದರೆ ಅವನ್ನು ತೊಳೆಯಲು ನಾನು ಕೈ ಹಾಕಿದರೆ ಸಾಹುಕಾರರ ಹೆಂಡತಿ ಕಿತ್ತುಕೊಳ್ಳುತ್ತಿದ್ದರು. ಅವರನ್ನು ನಾನು ಅವ್ವಾರು ಎನ್ನುತ್ತಿದ್ದೆ. ರಂಜಾನಿನಲ್ಲಿ ಬೆಳಗಿನ ಜಾವವೇ ಎದ್ದು ನನಗಾಗಿ ರೊಟ್ಟಿ ಬಡಿಯುತ್ತಿದ್ದರು. ಈ ಗೂಡನ್ನೂ ಆ ರೊಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗಬೇಕೋ ನನಗೆ ಇವತ್ತಿಗೂ ತಿಳಿಯದು. ತೂಗಲು ಹೋಗಿಯೂ ಇಲ್ಲ.

ನನಗೆ ಹರಿಹರ ಸೇರಿದಾಗಿನಿಂದ ಅರಬ್ಬಿಯ ಹುಚ್ಚು. ಅಲ್ಲಿ ನಮಗೆಲ್ಲ ಕುರಾನು ಕಲಿಸುತ್ತಿದ್ದ ವಯಸ್ಸಾದ ಗುರುಗಳೊಬ್ಬರಿದ್ದರು. ಊರೆಲ್ಲ ಅವರನ್ನು ಹಜರತ್ತರು ಎನ್ನುತ್ತಿತ್ತು. ಉಳಿದ ಹುಡುಗರು ಪಾಠ ಒಪ್ಪಿಸಿ ಓಡಿದರೆ ನಾನು ಕೂತು ‘ಇದರರ್ಥ ಏನು, ಇದು ಯಾಕೆ ಹೀಗೆ’ ಎಂದು ಅವರ ತಲೆ ತಿನ್ನುತ್ತಿದ್ದೆ. ಬೆಂಗಳೂರಿನಲ್ಲಿ ಕೆಲವು ಹಿರಿಯರು ಸೇರಿಕೊಂಡು ವರ್ಷಕ್ಕೊಬ್ಬ ಹುಡುಗನನ್ನು ಅರಬ್ಬಿ ಓದಲು ಈಜಿಪ್ಟಿನ ಕೈರೋಗೆ ಕಳಿಸುತ್ತಿದ್ದರು. ಒಬ್ಬನೇ ಹುಡುಗ, ಒಂದೇ ಜಾಗ. ಹಜರತ್ತರು ನನ್ನ ಪರವಾಗಿ ಬರೆದರು. ನಾನು ಬೆಂಗಳೂರಿಗೆ ಹೋಗಿ ಆ ಹಿರಿಯರ ಮುಂದೆ ಓದಿ ತೋರಿಸಿ ಬಂದೆ. ಅವರಿಗೆ ಒಪ್ಪಿಗೆಯಾಯಿತು. ಹಡಗು ಯಾವಾಗ ಎಂಬುದು ಗೊತ್ತಾದ ಮೇಲೆ ಹೇಳಿ ಕಳಿಸುತ್ತೇವೆ, ಅಲ್ಲಿಯವರೆಗೆ ವ್ಯಾಕರಣ ಗಟ್ಟಿ ಮಾಡಿಕೋ ಎಂದರು.

ಆ ಸುದ್ದಿಯನ್ನು ಸಾಹುಕಾರರ ಮನೆಯಲ್ಲಿ ಹೇಳಿದ್ದು ನೆನಪಿದೆ. ಉರ್ದುವಿನಲ್ಲಿ ಈಜಿಪ್ಟಿಗೆ ಮಿಸರ್ ಎನ್ನುತ್ತಾರೆ. ಸಂತೋಷದಲ್ಲಿ ಬಾಯಿಗೆ ಬಂದದ್ದು ಆ ಹೆಸರೇ. “ಅವ್ವಾರೇ, ನಾನು ಮಿಸರಿಗೆ ಹೋಗ್ತೀನ್ರಿ” ಎಂದೆ.

“ಮೊಸರಿಗೆ ನೀ ಯಾಕ ಹೋಗ್ತಿಯಪ್ಪ, ಮನ್ಯಾಗೆ ಗಡಿಗಿ ತುಂಬ ಐತೆ” ಅಂದರು ಅವ್ವಾರು.

ಸಾಹುಕಾರರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಮಂಡಿಪೇಟೆಯಲ್ಲಿ ನನ್ನ ಹೆಸರು ‘ಮೊಸರಿನ ಮೌಲ್ವಿ’ ಎಂದೇ ಆಯಿತು. ತೂಕದವನೂ ಹಾಗೇ ಕರೆದ, ಗುಮಾಸ್ತೆಯೂ ಹಾಗೇ ಕರೆದ.

ಸಾಹುಕಾರರಿಗೆ ಮಕ್ಕಳಿರಲಿಲ್ಲ. ನನ್ನ ಕೈರೋ ಅವರ ಕೈರೋ ಆಗಿಬಿಟ್ಟಿತು. ಅಂಗಡಿಗೆ ಬಂದ ರೈತರಿಗೆಲ್ಲ, “ದೇಶ ಸುತ್ತು, ಕೋಶ ಓದು ಅಂತಾರಲ್ಲ, ನಮ್ಮ ಹುಡುಗ ಎರಡೂ ಒಟ್ಟಿಗೇ ಮಾಡ್ತಾನೆ” ಎಂದು ಹೇಳುವರು. ಸಂಜೆ ವ್ಯಾಪಾರ ಮುಗಿದ ಮೇಲೆ ಚೀಲಕ್ಕೆ ಬೆನ್ನು ಕೊಟ್ಟು ಕೂತು, “ಓದಪ್ಪ, ಬಾಯಿಬಿಟ್ಟು ಓದು, ಮನಸಿನಾಗೆ ಓದಿದ್ದು ಮನಸಿನಾಗೇ ಉಳಿತೈತೆ” ಎನ್ನುವರು. ನಾನು ‘ಕತಬ, ಕತಬಾ, ಕತಬೂ’ ಎಂದು ಕ್ರಿಯಾಪದದ ರೂಪಗಳನ್ನು ಹೇಳುತ್ತಿದ್ದೆ. ಒಮ್ಮೆ ತಡೆದು ಅರ್ಥ ಕೇಳಿದರು. ಅವನು ಬರೆದ, ಅವರಿಬ್ಬರು ಬರೆದರು, ಅವರೆಲ್ಲರು ಬರೆದರು ಎಂದೆ.

“ಇಬ್ಬರಿಗೆ ಅಂತ ಬ್ಯಾರೆ ಮಾತು ಐತೇನು?”

“ಐತ್ರಿ.”

“ಹಂಗಾದ್ರೆ ಪಾಲುದಾರಿಕೆ ಮಾಡೋರ ಭಾಷೆ ಇದು. ಮೂರನೆಯವನು ನಡುವೆ ಬರಬಾರದು ಅಂತ ಮೊದಲೇ ಬಂದೋಬಸ್ತು ಮಾಡ್ಯಾರೆ.”

ಇನ್ನೊಂದು ದಿನ, ದಲಾಲ ಎಂಬುದು ಅರಬ್ಬಿ ಪದ ಎಂದು ಬಾಯಿತಪ್ಪಿ ಹೇಳಿದೆ. ಅವರು ಎದ್ದೇ ಕೂತರು. ಹಮಾಲ? ಅದೂ ಅರಬ್ಬಿ. ಅಸಲು? ಅರಬ್ಬಿ. ಬಾಕಿ? ಫಸಲು? ರೈತ? ಎಲ್ಲವೂ ಅಲ್ಲಿಂದಲೇ ಬಂದವು. ಸಾಹುಕಾರರು ಅಂಗಡಿಯನ್ನೆಲ್ಲ ಹೊಸದಾಗಿ ನೋಡಿದರು. “ಆತಲ್ಲೋ ಮೊಸರಿನ ಮೌಲ್ವಿ, ನಮ್ಮ ಮಂಡಿಪ್ಯಾಟಿ ಅರ್ಧ ಅರಬಸ್ತಾನ ಆತು. ನನಗೂ ಅರಬ್ಬಿ ಬರ್ತಿತ್ತು, ಇಷ್ಟು ದಿನ ಗೊತ್ತಿದ್ದಿಲ್ಲ ನೋಡು.” ಆಮೇಲೆ ಸಿಕ್ಕಸಿಕ್ಕವರ ಮುಂದೆ ಇದನ್ನೇ ಕೊಚ್ಚಿಕೊಂಡರು. ಅಲ್ಪ ವಿದ್ಯಾ ಮಹಾಗರ್ವಿ ಎಂದು ಅವ್ವಾರು ಒಳಗಿಂದ ಚುಚ್ಚುತ್ತಿದ್ದರು. ಸಾಹುಕಾರರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾವು ಅಷ್ಟು ಪದಗಳನ್ನು ಆಡಿಕೊಂಡೆವು. ಒಂದು ಪದದ ವಿಚಾರ ಮಾತ್ರ ನಮ್ಮ ನಡುವೆ ಬರಲೇ ಇಲ್ಲ. ಬಂದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ನನ್ನ ಪ್ರಯಾಣದ ತಯಾರಿಯನ್ನೂ ಅವರೇ ವಹಿಸಿಕೊಂಡರು. ನಾನು ಅದುವರೆಗೆ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟಿದವನಲ್ಲ. ಒಂದು ಜೊತೆ ಬೂಟು ತರಿಸಿ, ದಿನವೂ ಸಂಜೆ ಚೀಲಗಳ ಸಾಲಿನ ನಡುವೆ ನನ್ನನ್ನು ಅತ್ತಿಂದಿತ್ತ ನಡೆಸುತ್ತಿದ್ದರು. ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. “ನಗಬ್ಯಾಡ್ರಲೇ, ದೊಡ್ಡೋರ ಮುಂದೆ ಎಡವಿ ಬಿದ್ರೆ ನಮ್ಮ ಊರಿನ ಮಾನ ಹೋಗ್ತೈತೆ” ಎಂದು ಗದರುವರು, ತಾವೂ ನಗುವರು. ಅವ್ವಾರು ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿದ್ದರು. ಹಡಗಿನಲ್ಲಿ ಏನು ಕೊಡುತ್ತಾರೋ, ಅದನ್ನು ಯಾರು ಮುಟ್ಟಿರುತ್ತಾರೋ ಎಂದು ಅವರ ಚಿಂತೆ.

ಆ ಬೇಸಿಗೆಯಲ್ಲೇ ಮನೆಗೊಂದು ಕಷ್ಟ ಬಂತು. ಅವ್ವಾರ ತಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ನೌಕರಿಯಲ್ಲಿದ್ದರು. ಏನೋ ತಕರಾರಾಗಿ ಅವರನ್ನು ಅಮಾನತ್ತು ಮಾಡಿದರು. ನೌಕರಿಯೂ ಇಲ್ಲ, ಹೋಯಿತೆಂಬ ಖಾತ್ರಿಯೂ ಇಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅಮಾನತ್ತು ಎಂಬ ಮಾತು ಮನೆಯಲ್ಲಿ ಕೆಟ್ಟ ಕಾಯಿಲೆಯ ಹೆಸರಿನಂತಾಯಿತು. ಯಾರಾದರೂ ಆಡಿದರೆ ಅವ್ವಾರು ಅಳುತ್ತಿದ್ದರು. ಸಾಹುಕಾರರು ಕಣ್ಣಲ್ಲೇ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ಅದೇ ಹೊತ್ತಿಗೆ ಹರಿಹರದಲ್ಲಿ ನನ್ನ ಅಮ್ಮನಿಗೆ ಜ್ವರ ಬಂದು, ನಾನು ಅಲ್ಲಿಗೆ ಹೋದೆ. ನಾನಿಲ್ಲದಾಗ ಬೆಂಗಳೂರಿನ ಆ ಹಿರಿಯರಲ್ಲೊಬ್ಬರು ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ದಾವಣಗೆರೆಯಲ್ಲಿ ಇಳಿದು, ಮುಂದಿನ ರೈಲು ಬರುವುದರೊಳಗೆ ಟಾಂಗಾ ಮಾಡಿಕೊಂಡು ಮಂಡಿಪೇಟೆಗೆ ಬಂದರು. ಸಾಹುಕಾರರಿಗೆ ಹಿಗ್ಗೋ ಹಿಗ್ಗು. ಶೇರವಾನಿ ಹಾಕಿದ ದೊಡ್ಡ ಮನುಷ್ಯರು ಗಾದಿಯ ಮೇಲೆ ಕೂತಿದ್ದಾರೆ. ಉರ್ದು ಚೆನ್ನಾಗಿ ಬರುತ್ತಿದ್ದ ಹಮಾಲನೊಬ್ಬ ಅಲ್ಲೇ ಇದ್ದ. ಇವರು ಉಪಚಾರದ ಭರದಲ್ಲಿ ಅವನನ್ನೇ ಚಹಾ ತರಲು ಓಡಿಸಿದರು. ಬಂದವರು ನಯವಾದ, ವೇಗವಾದ ಉರ್ದುವಿನಲ್ಲಿ ಹೇಳಬೇಕಾದ್ದನ್ನು ಹೇಳಿದರು. ಇವರು ಹಾಂ ಹಾಂ, ಸಮಜ್ ಗಯಾ ಎಂದರು. ಚಹಾ ಬರುವ ಹೊತ್ತಿಗೆ ಅವರು ಟಾಂಗಾ ಹತ್ತಿಯಾಗಿತ್ತು.

ಮರುದಿನ ಸಾಹುಕಾರರೇ ಹರಿಹರಕ್ಕೆ ಬಂದರು. ಕೈಯಲ್ಲಿ ಬಾಳೆಹಣ್ಣು, ಮುಖದಲ್ಲಿ ನಗುವಿಲ್ಲ. ಅಮ್ಮನ ಮಂಚದ ಹತ್ತಿರ ಕೂತು ಆರೋಗ್ಯ ಕೇಳಿದರು, ಮಳೆಯ ಮಾತಾಡಿದರು, ನನ್ನ ಮಾವನ ಎಮ್ಮೆಯನ್ನು ಹೊಗಳಿದರು. ಆಮೇಲೆ ನನ್ನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದರು.

“ತಮ್ಮಾ, ಬೆಂಗ್ಳೂರಿನವರು ಬಂದಿದ್ರು. ಈ ವರ್ಷ ಬ್ಯಾಡ ಅಂದ್ರು. ಮುಂದಿನ ವರ್ಷ ನೋಡೋಣ ಅಂದ್ರು.”

“ಯಾಕಂತ್ರಿ?”

“ದೊಡ್ಡೋರ ವ್ಯವಹಾರ, ನಮಗೇನು ತಿಳಿತೈತೆ. ನೀನೇನು ಎದಿಗೆ ಹಚ್ಚಿಕೊಬ್ಯಾಡ. ಒಂದು ವರ್ಷ ಅನ್ನೋದು ಏನು ಮಹಾ.”

ನನಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನಿಸಿತು. ಆದರೆ ಅವರ ಮಾತನ್ನು ಅನುಮಾನಿಸುವ ಕಾರಣವಿರಲಿಲ್ಲ. ಕೇಳೋಣವೆಂದರೆ ಹಜರತ್ತರು ಮಗಳ ಊರಾದ ಸವಣೂರಿಗೆ ಹೋಗಿದ್ದರು. ಅಮ್ಮನಿಗೆ ಒಳಗೊಳಗೇ ಸಮಾಧಾನವಾದದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ನಾನು ಅವಳ ಜ್ವರ ಬಿಡುವವರೆಗೆ ಅಲ್ಲೇ ಉಳಿದೆ.

ಹಜರತ್ತರು ಸವಣೂರಿನಿಂದ ಬಂದವರು ನನ್ನನ್ನು ಮಸೀದಿಯ ಅಂಗಳದಲ್ಲಿ ಕಂಡು ಬೆಚ್ಚಿದರು. “ನೀನು ಹೋಗಲಿಲ್ಲವೇ?” ಎಂದು ಉರ್ದುವಿನಲ್ಲಿ ಕೇಳಿದರು. ಅವರು ಬೆಂಗಳೂರಿಗೆ ಬರೆದು ಕೇಳಿದ ಮೇಲೆ ತಿಳಿಯಿತು, ಹಡಗು ಹೋಗಿತ್ತು. ಶುಕ್ರವಾರದೊಳಗೆ ಬೆಂಗಳೂರಿಗೆ ಬರಬೇಕೆಂದು ಅಂಗಡಿಯಲ್ಲಿ ಹೇಳಿ ಹೋಗಿದ್ದವರು ಆ ಶುಕ್ರವಾರದವರೆಗೂ ಕಾದು, ನಾನು ಬಾರದ್ದರಿಂದ ಬೇರೆ ಊರಿನ ಹುಡುಗನನ್ನು ಕಳಿಸಿದ್ದರು. “ನಿನ್ನ ಜಾಗವನ್ನು ಅವರು ಅಮಾನತ್ ಇಟ್ಟಿದ್ದರಲ್ಲೋ” ಎಂದರು ಹಜರತ್ತರು. ಉರ್ದುವಿನಲ್ಲಿ, ಅರಬ್ಬಿಯಲ್ಲಿ, ಅಮಾನತ್ ಎಂದರೆ ನಂಬಿಕೆಯಿಂದ ಜೋಪಾನವಾಗಿ ಕಾಯ್ದಿಟ್ಟದ್ದು.

ಹರಿಹರದಿಂದ ದಾವಣಗೆರೆಯವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಬಂದೆ. ಏನೇನು ಅನ್ನಬೇಕೆಂದು ಒಂದೊಂದಾಗಿ ಜೋಡಿಸಿಕೊಂಡಿದ್ದೆ. ಸಾಹುಕಾರರು ಗಾದಿಯ ಮೇಲೆ ಒಬ್ಬರೇ ಇದ್ದರು. ನಿಂತೇ ಕೇಳಿದೆ.

“ಆವತ್ತು ಬಂದವರು ಏನಂದ್ರು? ಅವರ ಮಾತಿನಾಗೇ ಹೇಳ್ರಿ.”

ಅವರು ತಡವರಿಸಿದರು. “ಹೇಳಿದ್ನಲ್ಲೋ, ಮುಂದಿನ ವರ್ಷ ಅಂತ.”

“ಹಂಗಲ್ಲ. ಅವರ ಬಾಯಿಂದ ಬಂದಿದ್ದು ಹೇಳ್ರಿ.”

ಅವರು ತಲೆ ತಗ್ಗಿಸಿ ಒಪ್ಪಿಸಿದರು. “ಉನಕಿ ಜಗಾ ಹಮಾರೆ ಪಾಸ್ ಅಮಾನತ್ ಹೈ ಅಂದ್ರು. ಆಮೇಲೆ ಜುಮ್ಮಾ ಅಂದ್ರು, ಬೆಂಗ್ಳೂರು ಅಂದ್ರು, ಜಹಾಜು ಅಂದ್ರು. ಆ ಒಂದು ಮಾತು ಕಿವಿಗೆ ಬಿದ್ದ ಮೇಲೆ ಮುಂದಿಂದು ನನಗೆ ಕೇಳಿಸಲೇ ಇಲ್ಲಪ್ಪ. ಮನ್ಯಾಗೆ ಒಬ್ಬರು ಅಮಾನತ್ತಾಗಿ ಮಲಗ್ಯಾರೆ, ಇನ್ನು ನಿಂದೂ ಅಮಾನತ್ತು ಅಂದ್ರೆ ಹೆಂಗೆ ಹೇಳಲಿ? ಆ ಕೆಟ್ಟ ಮಾತು ನಿನ್ನ ಮುಂದೆ ಆಡಬಾರದು ಅಂತ, ಮೆತ್ತಗೆ, ಮುಂದಿನ ವರ್ಷ ಅಂತ ನಾನೇ ಸೇರಿಸಿದೆ.”

ಅಂದರೆ ಅವರು ಆ ಪದವನ್ನು ಇದ್ದಂತೆಯೇ ಹೊಳೆ ದಂಡೆಯಲ್ಲಿ ನನ್ನ ಮುಂದೆ ಆಡಿದ್ದರೆ ಸಾಕಿತ್ತು. ನನಗೆ ಆಗಲೇ ತಿಳಿಯುತ್ತಿತ್ತು. ಜುಮ್ಮಾ ಎಂದರೆ ಶುಕ್ರವಾರ, ಜಹಾಜು ಎಂದರೆ ಹಡಗು; ಆ ಶುಕ್ರವಾರಕ್ಕೆ ಇನ್ನೂ ದಿನಗಳಿದ್ದವು. ನನ್ನ ಮೇಲಿನ ಕರುಣೆಯಿಂದ ಅವರು ಆ ಪದವನ್ನು ನುಂಗಿಬಿಟ್ಟಿದ್ದರು.

“ಸಾಹುಕಾರ್ರೇ, ಅಮಾನತ್ತು ಅಂದ್ರೆ ಏನ್ರಿ?” ಎಂದೆ.

“ಸಸ್ಪೆಂಡು.”

“ಬ್ಯಾರೆ ಅರ್ಥ ಇಲ್ಲೇನ್ರಿ?”

ಗಾದಿಯ ಹಿಂದೆ ಮರದ ದೊಡ್ಡ ಪೆಟ್ಟಿಗೆ ಇತ್ತು. ರೈತರು ಶ್ರೀಶೈಲಕ್ಕೋ ತಿರುಪತಿಗೋ ಹೋಗುವಾಗ ಹೆಂಡತಿಯ ಒಡವೆಯನ್ನು ಅರಿವೆಯಲ್ಲಿ ಗಂಟು ಕಟ್ಟಿ ಸಾಹುಕಾರರ ಕೈಗೆ ಕೊಡುತ್ತಿದ್ದರು, ಬಂದು ಬಿಡಿಸಿಕೊಳ್ಳುತ್ತಿದ್ದರು. ಆ ಗಂಟುಗಳಿಗೆ ಮಂಡಿಯಲ್ಲಿ ಅಮಾನತ್ತು ಎಂದೇ ಹೆಸರು. ‘ಇದು ಅಮಾನತ್ತು, ಮುಟ್ಟಬ್ಯಾಡ್ರಿ’ ಎಂದು ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೆ. ಅವರು ಪೆಟ್ಟಿಗೆಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆಯ ರುಮಾಲು ತೆಗೆದು ಗಾದಿಯ ಮೇಲಿಟ್ಟರು. ಆ ತಲೆಯನ್ನು ರುಮಾಲಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಜೀವಮಾನವೆಲ್ಲ ಆಡಿದ ಮಾತು ನಂದು” ಅಂದರು.

ಜೋಡಿಸಿಕೊಂಡು ಬಂದ ಮಾತು ಒಂದೂ ಹೊರಬರಲಿಲ್ಲ. “ಹೋಗ್ಲಿ ಬಿಡ್ರಿ” ಎಂದೆ. “ಅಮ್ಮಂಗೆ ಹುಷಾರಿಲ್ಲ. ನಾನೇ ಹೋಗೋದು ಬ್ಯಾಡ ಅಂತ ಮಾಡಿದ್ದೆ.” ಅದು ಸುಳ್ಳು. ಆಗ ಅದೇ ಸರಿ ಎನಿಸಿತು. ಮುಂದೆ ಯಾರು ಕೇಳಿದರೂ ಇದನ್ನೇ ಹೇಳಿದೆ. ತಾಯಿಗಾಗಿ ವಿಲಾಯತಿ ಬಿಟ್ಟ ಮಗ ಎಂದು ಹರಿಹರದಲ್ಲಿ ನನಗೆ ಒಳ್ಳೆಯ ಹೆಸರು ಬಂತು.

ಮುಂದಿನ ವರ್ಷ ಎಂಬ ತಾವು ಹುಟ್ಟಿಸಿದ ಮಾತನ್ನು ನಿಜ ಮಾಡಲು ಸಾಹುಕಾರರು ಪಟ್ಟ ಪಾಡು ನನಗೆ ತಿಳಿದದ್ದು ತಡವಾಗಿ. ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ, ಗೊತ್ತಿಲ್ಲದ ಬೀದಿಗಳಲ್ಲಿ ವಿಚಾರಿಸಿಕೊಂಡು, ಆ ಹಿರಿಯರ ಮನೆ ಮುಂದೆ ಕೂತರಂತೆ. ಈ ಸಲ ಜೊತೆಗೆ ಆ ಹಮಾಲನನ್ನೂ ಕರೆದುಕೊಂಡು ಹೋಗಿದ್ದರು, ತಮ್ಮ ಬಾಯಿ ನಂಬದೆ. ತಪ್ಪು ನಂದು, ಹುಡುಗನದಲ್ಲ ಎಂದು ಹೇಳಿಸಿದರಂತೆ. ಅವರು ಮರ್ಯಾದೆಯಿಂದ ಕೂಡಿಸಿ, ಹಣ್ಣು ಕೊಟ್ಟು, ಕರೆದಾಗ ಬಾರದ ಹುಡುಗನಿಗೆ ಮತ್ತೆ ಕೊಡುವ ಪದ್ಧತಿಯಿಲ್ಲ ಎಂದು ಕಳಿಸಿದರಂತೆ. ಇದನ್ನು ನನಗೆ ಹೇಳಿದ್ದು ಆ ಹಮಾಲ.

ಆಮೇಲಿನ ಸಾಹುಕಾರರು ಬೇರೆ ಮನುಷ್ಯ. ಉರ್ದು ಬಿಟ್ಟರು. ಹಮಾಲರ ಜೊತೆಗೂ ಕನ್ನಡವೇ. ಹೊರಗಿನ ವ್ಯಾಪಾರಿ ಬಂದರೆ ಕೈಮುಗಿದು, “ನಿಧಾನಕ್ಕೆ ಹೇಳ್ರಿ, ನನಗೆ ತಿಳಿಯಲ್ಲ” ಎನ್ನುವರು. ಒಡವೆಯ ಗಂಟು ತಂದವರಿಗೆ, “ನನ್ನ ಕೈಯಾಗೆ ಇಡಬ್ಯಾಡ್ರಿ, ಬ್ಯಾರೆ ಯಾರ ಹತ್ರನಾದ್ರೂ ಇಡ್ರಿ” ಎಂದು ತಿರುಗಿಸಿ ಕಳಿಸುವರು. ರೈತರು ಕಾರಣ ತಿಳಿಯದೆ, ಸಾಹುಕಾರರಿಗೆ ಸೊಕ್ಕು ಬಂತು ಎಂದುಕೊಂಡರು. ಅವ್ವಾರ ತಮ್ಮ ಮತ್ತೆ ನೌಕರಿಗೆ ಸೇರಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಸಾಹುಕಾರರು ಉಣ್ಣುತ್ತ ಉಣ್ಣುತ್ತ, “ಇವನದು ತಿರುಗಿ ಬಂತು” ಎಂದವರು ಎಲೆ ಬಿಟ್ಟು ಎದ್ದುಬಿಟ್ಟರಂತೆ.

ನಾನು ಡಿಗ್ರಿ ಮುಗಿಸಿ ಹರಿಹರದ ಶಾಲೆಯಲ್ಲಿ ಮಾಸ್ತರನಾದೆ. ಅಮ್ಮನ ಜ್ವರ ವಾಸಿಯಾಗಿತ್ತು, ಈಗಲೂ ಗಟ್ಟಿಯಾಗಿದ್ದಾಳೆ. ಅರಬ್ಬಿ ನನ್ನಲ್ಲಿ ನಮಾಜಿಗೆ ಬೇಕಾದಷ್ಟು ಮಾತ್ರ ಉಳಿದಿದೆ. ಕ್ರಿಯಾಪದಗಳು ಮರೆತುಹೋಗಿವೆ. ಕೈರೋ ಎಂಬ ಊರಿನ ಹೆಸರು ಪೇಪರಿನಲ್ಲಿ ಬಂದರೆ ಪುಟ ತಿರುಗಿಸುತ್ತೇನೆ. ಹಬ್ಬಹುಣ್ಣಿಮೆಗೆ ದಾವಣಗೆರೆಗೆ ಹೋಗಿ ಬರುತ್ತಿದ್ದೆ. ಸಾಹುಕಾರರು ಪ್ರತಿ ಸಲವೂ ಎದುರಿಗೆ ಕೂಡಿಸಿಕೊಂಡು, “ಹೋಗಿದ್ರೆ ಈಗ ಏನಾಗಿರ್ತಿದ್ದಿ?” ಎಂದು ಕೇಳುವರು. ನಾನು ಪ್ರತಿ ಸಲವೂ, “ನನಗೇ ಮನಸ್ಸಿದ್ದಿಲ್ಲ ಬಿಡ್ರಿ” ಎನ್ನುತ್ತಿದ್ದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಎದ್ದು ಒಳಗೆ ಹೋಗಿಬಿಡುತ್ತಿದ್ದರು. ನನ್ನ ಉತ್ತರದಿಂದ ಅವರಿಗೆ ಹಗುರಾಗುತ್ತದೆ ಎಂದೇ ನಾನು ತಿಳಿದಿದ್ದೆ.

ಮೊನ್ನೆ ಉಂಡೆದ್ದ ಮೇಲೆ ಅಂಗಳದಲ್ಲಿ ಯಾರೋ ನನ್ನನ್ನು ತೋರಿಸಿ, “ಇವ್ರೇ ನೋಡ್ರಿ, ತಾಯಿ ಸಲುವಾಗಿ ವಿದೇಶ ಬಿಟ್ಟೋರು” ಎಂದರು. ಅವ್ವಾರಿಗೆ ಕೇಳಿಸಿತು. ನನ್ನನ್ನು ಒಳಗೆ ಕರೆದು ಕೂಡಿಸಿದರು. ಸಾಹುಕಾರರ ಫೋಟೋಕ್ಕೆ ಹೂವು ಹಾಕಿ, ವಿಭೂತಿ ಹಚ್ಚಿಟ್ಟಿದ್ದರು.

“ಈ ಮಾತು ನಮ್ಮ ಯಜಮಾನರ ಮುಂದೆ ಎಷ್ಟು ಸಲ ಆಡೀಯಪ್ಪ” ಅಂದರು ಅವ್ವಾರು. “ಅವರಿಗೆ ಅದು ಸುಳ್ಳು ಅಂತ ಮೊದಲ ದಿನಾನೇ ಗೊತ್ತಿತ್ತು. ‘ಬೂಟು ಹಾಕ್ಕೊಂಡು ಓಡಾಡಿದ ಹುಡುಗನಿಗೆ ಮನಸ್ಸಿದ್ದಿಲ್ಲಂತೆ, ನಾನು ನಂಬಬೇಕಂತೆ’ ಅನ್ನೋರು. ನೀ ಬಂದು ಹೋದ ದಿನ ಊಟ ಬಿಡೋರು. ‘ಅವನಿಗೆ ನಾನು ಮೆತ್ತಗೆ ಹೇಳಿ ಕೆಡಿಸಿದೆ, ಈಗ ಅವನು ನನಗೆ ಮೆತ್ತಗೆ ಹೇಳ್ತಾನೆ’ ಅನ್ನೋರು. ನೀ ಒಂದ್ಸಲ ಬೈದಿದ್ರೆ ಎರಡು ತುತ್ತು ಹೆಚ್ಚಿಗೆ ಉಣ್ತಿದ್ರು ಕಣಪ್ಪ. ನಿನಗೆ ಸಿಟ್ಟೇ ಬಂದಿದ್ದಿಲ್ಲೇನು?”

ಇಲ್ರಿ ಅವ್ವಾರೇ, ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಬಂದಿತ್ರಿ” ಎಂದೆ. “ಭಾಳ ಬಂದಿತ್ತು. ಇನ್ನೂ ಐತೆ.”

ಅವ್ವಾರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಫೋಟೋದ ಕಡೆ ತಿರುಗಿ, “ಕೇಳಿದ್ರೇನ್ರಿ” ಅಂದರು.